ಹೇಗೂ ಬೀಳುವ ಹಲ್ಲು ಎಂದು ಅಲಕ್ಷಿಸಬೇಡಿರಿ

(ರೈತರ ಸಭೆಯಲ್ಲಿ ದಂತವೈದ್ಯರೊಬ್ಬರು ಮಾಡಿದ ಭಾಷಣ)



ಸಭೆ ಎಂದರೆ ಬೀಜ, ಗೊಬ್ಬರ, ಕಾಲುವೆಯ ನೀರು, ಕಬ್ಬಿನ ದರ, ಇವುಗಳ ಮಾತು ನಡೆಯುವುದು ರೂಢಿ. ನಾನು ಈ ದಿನ ಅವುಗಳಲ್ಲಿ ಯಾವುದನ್ನೂ ಎತ್ತುವವನಲ್ಲ. ನಿಮ್ಮ ಮನೆಯ ಆರು ವರ್ಷದಿಂದ ಹನ್ನೆರಡು ವರ್ಷದೊಳಗಿನ ಮಕ್ಕಳ ಬಾಯಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಹಲ್ಲಿನ ಮಾತು ಕೇಳಲು ಹೊಲದ ಕೆಲಸ ಬಿಟ್ಟು ಕೂಡಬೇಕೇ ಎಂದು ಕೆಲವರಿಗೆ ಅನಿಸಬಹುದು. ಮೊದಲು ಕೇಳಿರಿ, ಆಮೇಲೆ ನಿರ್ಣಯ ಮಾಡಿರಿ.

ಮೊದಲಿಗೆ ನನ್ನ ಬಾಯಿಯನ್ನೇ ನೋಡಿರಿ. ಎಡಗಡೆಯ ಮೇಲಿನ ಕೋರೆಹಲ್ಲು ಸಾಲು ಬಿಟ್ಟು ಎತ್ತರದಲ್ಲಿ, ವಸಡಿನ ಹತ್ತಿರ ಹೊರಗೆ ನಿಂತಿದೆ. ಹಲ್ಲಿನ ವೈದ್ಯನ ಹಲ್ಲೇ ಸೊಟ್ಟ ಎಂದು ನೀವು ನಗಬಹುದು, ನಗಿರಿ, ಅಡ್ಡಿಯಿಲ್ಲ. ನಾನೂ ಈ ಸೀಮೆಯ ರೈತನ ಮಗ. ನನಗೆ ಏಳು ವರ್ಷವಿದ್ದಾಗ ಆ ಕಡೆಯ ಎರಡು ದವಡೆಹಲ್ಲುಗಳಿಗೆ ಹುಳುಕು ಹತ್ತಿ ಗಲ್ಲ ಬಾತುಕೊಂಡಿತು. ಎರಡು ರಾತ್ರಿ ಮನೆಯವರಿಗೆ ನಿದ್ದೆಯಿಲ್ಲ. ಆಗ ನಮ್ಮ ಮುತ್ಯಾ, “ಹೆಂಗೂ ಬೀಳೂ ಹಲ್ಲ, ತಗಿಸಿಬಿಡ್ರಿ” ಎಂದರು. ತೆಗೆಸಿದರು. ನೋವು ಹೋಯಿತು, ಎಲ್ಲರಿಗೂ ಸಮಾಧಾನವಾಯಿತು. ಐದು ವರ್ಷ ಯಾರಿಗೂ ಏನೂ ತಿಳಿಯಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಈ ಕೋರೆಹಲ್ಲು ಬಂದಾಗ ಅದಕ್ಕೆ ಸಾಲಿನಲ್ಲಿ ಜಾಗವೇ ಇರಲಿಲ್ಲ. ಶಾಲೆಯಲ್ಲಿ ಹುಡುಗರು ಇಟ್ಟ ಹೆಸರು ಹೇಳಲಾರೆ. ಬಾಯಿಗೆ ಕೈ ಅಡ್ಡ ಹಿಡಿದು ನಗುವ ರೂಢಿ ನನಗೆ ಅಂದಿನಿಂದ ಬಂದದ್ದು, ಇಂದಿಗೂ ಪೂರ್ತಿ ಹೋಗಿಲ್ಲ.

ನಮ್ಮ ಮುತ್ಯಾನನ್ನು ನಾನು ದೂರುವುದಿಲ್ಲ. ಅವರಿಗೆ ಹೇಳುವವರಿರಲಿಲ್ಲ. ಏಳನೆಯ ವರ್ಷದಲ್ಲಿ ಕಿತ್ತ ಹಲ್ಲಿಗೂ ಹನ್ನೆರಡನೆಯ ವರ್ಷದಲ್ಲಿ ಸೊಟ್ಟಾಗಿ ಬಂದ ಹಲ್ಲಿಗೂ ಇರುವ ಸಂಬಂಧ ನಾನು ಈ ವಿದ್ಯೆಯನ್ನು ಓದುವವರೆಗೆ ನನಗೂ ತಿಳಿದಿರಲಿಲ್ಲ. ಆ ಸಂಬಂಧವನ್ನು ನಿಮಗೆ ಬಿಡಿಸಿ ಹೇಳುವುದೇ ಈ ದಿನದ ನನ್ನ ಕೆಲಸ.

ಹಾಲುಹಲ್ಲುಗಳು ಒಟ್ಟು 20. ಮೇಲೆ ಹತ್ತು, ಕೆಳಗೆ ಹತ್ತು. ಮಗುವಿಗೆ ಆರು ತಿಂಗಳಾಗುವ ಸುಮಾರಿಗೆ ಕೆಳಗಿನ ಬಾಚಿಹಲ್ಲು ಮೊಳೆಯುತ್ತದೆ. ಎರಡೂವರೆ, ಮೂರು ವರ್ಷಕ್ಕೆ ಇಪ್ಪತ್ತೂ ಬಂದು ಮುಗಿಯುತ್ತವೆ. ಬಾಯಿಯ ನಡುವಿನಿಂದ ಒಂದು ಕಡೆಗೆ ಎಣಿಸಿದರೆ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ದವಡೆಹಲ್ಲು, ಹೀಗೆ ಐದು. ಕಾಯಂ ಹಲ್ಲುಗಳು ಬುದ್ಧಿಹಲ್ಲು ಸೇರಿ 32. ಇಪ್ಪತ್ತು ಹೋಗಿ ಮೂವತ್ತೆರಡು ಬರಬೇಕಾದರೆ ಅವಕ್ಕೆ ಜಾಗ ಎಲ್ಲಿಂದ? ಸೊಟ್ಟ ಹಲ್ಲಿನ ಗುಟ್ಟು ಈ ಪ್ರಶ್ನೆಯಲ್ಲಿದೆ.

ಅನೇಕರು ತಿಳಿಯುವುದೇನೆಂದರೆ, ಮಗು ಬೆಳೆದಂತೆ ದವಡೆಯೂ ಎಲ್ಲ ಕಡೆಗೂ ಬೆಳೆಯುತ್ತದೆ, ಹಲ್ಲು ತಾವಾಗಿಯೇ ಸಾಲಾಗುತ್ತವೆ ಎಂದು. ಇದು ಅರ್ಧ ಸತ್ಯ. ದವಡೆ ಬೆಳೆಯುತ್ತದೆ ನಿಜ. ಆದರೆ ಅದು ಉದ್ದವಾಗುವುದು ಬಹುಮಟ್ಟಿಗೆ ಹಿಂಬದಿಯಲ್ಲಿ, ದೊಡ್ಡ ದವಡೆಹಲ್ಲು ಬರುವ ಕಡೆಯಲ್ಲಿ. ಮುಂಭಾಗದಲ್ಲಿ, ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿನವರೆಗೆ, ಬಾಚಿಹಲ್ಲು ಬದಲಾಗುವ ಕಾಲಕ್ಕೆ ಸ್ವಲ್ಪ ಅಗಲವಾಗುತ್ತದೆ. ಆಮೇಲೆ ಅಲ್ಲಿ ಹೆಚ್ಚಿನ ಬೆಳವಣಿಗೆ ಇಲ್ಲ. ಆದಕಾರಣ ಹಾಲುಹಲ್ಲು ನಿಂತಿರುವ ಭೂಮಿಯೇ ಮುಂದಿನ ಹಲ್ಲಿನ ಭೂಮಿ. ಆ ಭೂಮಿಯನ್ನು ಕಳೆದುಕೊಂಡರೆ ಬೇರೆ ಭೂಮಿ ಸಿಗುವುದು ಕಷ್ಟ.

ಈಗ ಬಾಚಿಹಲ್ಲಿನ ಲೆಕ್ಕ ನೋಡೋಣ. ಮೇಲಿನ ನಾಲ್ಕು ಹಾಲು ಬಾಚಿಹಲ್ಲುಗಳಿಗಿಂತ ಅವುಗಳ ಬದಲಿಗೆ ಬರುವ ನಾಲ್ಕು ಕಾಯಂ ಹಲ್ಲುಗಳು ಒಟ್ಟಿನಲ್ಲಿ ಸುಮಾರು 7 ಮಿಲಿಮೀಟರಿನಷ್ಟು ಹೆಚ್ಚು ಅಗಲ. ಒಂದು ಶೇಂಗಾ ಕಾಳಿನ ದಪ್ಪದಷ್ಟು ಎನ್ನಿರಿ. ಕೆಳಗೆ ಸುಮಾರು 6 ಮಿಲಿಮೀಟರು. ಇಷ್ಟು ಜಾಗ ಮೂರು ಕಡೆಯಿಂದ ಬರಬೇಕು. ಹಾಲುಹಲ್ಲುಗಳ ನಡುವಿನ ಸಂದಿಗಳು ಒಂದು. ದವಡೆಯ ಮುಂಭಾಗ ತುಸು ಅಗಲವಾಗುವುದು ಎರಡು. ಹೊಸ ಹಲ್ಲು ಹಳೆಯದಕ್ಕಿಂತ ಸ್ವಲ್ಪ ಮುಂದೆ ಬಾಗಿ ನಿಲ್ಲುವುದು ಮೂರು.

ತಾಯಂದಿರೇ, ಸಂದಿಯ ಮಾತನ್ನು ನೆನಪಿಡಿರಿ. ನಾಲ್ಕೈದು ವರ್ಷದ ಮಗುವಿನ ಹಲ್ಲುಗಳ ನಡುವೆ ಸಂದಿ ಕಂಡರೆ, “ನಮ್ಮ ಕೂಸಿನ ಹಲ್ಲು ಬಿಡಿಬಿಡಿ ಅದಾವು” ಎಂದು ಚಿಂತೆ ಮಾಡುವವರನ್ನು ನಾನು ಕಂಡಿದ್ದೇನೆ. ಚಿಂತೆ ಬೇಡ, ಸಂತೋಷಪಡಿರಿ. ಅದು ಮುಂದಿನ ಬೆಳೆಗೆ ಬಿಟ್ಟ ಜಾಗ. ಮುತ್ತು ಪೋಣಿಸಿದಂತೆ ಒಂದಕ್ಕೊಂದು ಹತ್ತಿ ಕೂತ ಹಾಲುಹಲ್ಲು ನೋಡಲು ಚೆಂದ. ಆದರೆ ಅಂಥ ಮಕ್ಕಳಲ್ಲೇ ಮುಂದೆ ಇಕ್ಕಟ್ಟು ಹೆಚ್ಚು.

ಆರನೆಯ ವರ್ಷದಲ್ಲಿ ಬಾಯಿಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು ಎಲ್ಲರಿಗೂ ಕಾಣುತ್ತದೆ: ಮುಂದಿನ ಹಲ್ಲು ಅಲುಗಾಡಿ ಬೀಳುತ್ತದೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಆ ಹಲ್ಲನ್ನು ಸೆಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಒಗೆಯುತ್ತಾರೆ. ಮಗು ಹಲ್ಲು ಬಿದ್ದ ಬಾಯಿ ತೋರಿಸಿಕೊಂಡು ಓಣಿಯೆಲ್ಲ ತಿರುಗುತ್ತದೆ. ಎರಡನೆಯ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಲು ದವಡೆಹಲ್ಲುಗಳ ಹಿಂದೆ, ಬಾಯಿಯ ಒಳಮೂಲೆಯಲ್ಲಿ, ಒಂದು ದೊಡ್ಡ ಹಲ್ಲು ಸದ್ದಿಲ್ಲದೆ ಮೇಲಕ್ಕೆ ಬರುತ್ತದೆ. ಇದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಆದುದರಿಂದ ಮನೆಯವರು ಇದನ್ನೂ ಹಾಲುಹಲ್ಲೆಂದೇ ಎಣಿಸಿ, ಹುಳುಕು ಹತ್ತಿದರೂ ಬಿದ್ದು ಬೇರೆ ಬರುವುದೆಂದು ಸುಮ್ಮನಿರುತ್ತಾರೆ. ಅದು ಬೇರೆ ಬರುವುದಿಲ್ಲ. ಅದು ಸಾಯುವತನಕ ಇರತಕ್ಕ ಹಲ್ಲು, ರೊಟ್ಟಿ ಅಗಿಯುವ ಮುಖ್ಯ ಹಲ್ಲು.

ಇದನ್ನು ಗುರುತಿಸುವುದು ಸುಲಭ. ಮಗುವನ್ನು ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ ಬಾಯಿ ತೆರೆಸಿರಿ. ನಡುವಿನಿಂದ ಒಂದು ಬದಿಗೆ ಎಣಿಸುತ್ತ ಹೋಗಿರಿ. ಐದು ಮುಗಿದು ಆರನೆಯದು ಕಂಡರೆ ಅದೇ ಈ ಹಲ್ಲು. ಆರನೆಯ ವರ್ಷ, ಆರನೆಯ ಹಲ್ಲು; ಮರೆಯುವಂತಿಲ್ಲ. ಮುಂದಿನ ಹಲ್ಲು ಬಿದ್ದಿದ್ದರೆ ಅದರ ಖಾಲಿ ಜಾಗವನ್ನೂ ಒಂದೆಂದು ಹಿಡಿದು ಎಣಿಸಿರಿ.

ಈ ಆರನೆಯ ಹಲ್ಲಿಗೆ ಒಂದು ಸ್ವಭಾವವಿದೆ. ಅದು ಮುಂದಕ್ಕೆ ಸರಿಯಲು ನೋಡುತ್ತದೆ. ಅದನ್ನು ತಡೆದು ನಿಲ್ಲಿಸಿರುವುದು ಅದರ ಮುಂದಿರುವ ಹಾಲು ದವಡೆಹಲ್ಲು. ಅದು ಇರುವಷ್ಟು ದಿನ ಹಿಂದಿನದು ಒಳಗೆ ಕಾಲಿಡಲಾರದು. ಈ ಹಾಲು ದವಡೆಹಲ್ಲು ಸಹಜವಾಗಿ ಬೀಳುವುದು ಯಾವಾಗ ಗೊತ್ತೇ? ಹತ್ತರಿಂದ ಹನ್ನೆರಡನೆಯ ವರ್ಷಕ್ಕೆ. ಮುಂದಿನ ಹಲ್ಲು ಆರು ಏಳಕ್ಕೆ ಬೀಳುವುದನ್ನು ಕಂಡು, ಎಲ್ಲ ಹಾಲುಹಲ್ಲೂ ಅಷ್ಟರಲ್ಲೇ ಬೀಳುತ್ತವೆಂದು ನಾವು ತಿಳಿಯುತ್ತೇವೆ. ಏಳು ವರ್ಷದ ಮಗುವಿನ ದವಡೆಯ ಹಾಲುಹಲ್ಲಿಗೆ ಇನ್ನೂ ಮೂರು, ನಾಲ್ಕು, ಕೆಲವು ಸಲ ಐದು ವರ್ಷದ ಕೆಲಸ ಬಾಕಿ ಇರುತ್ತದೆ.

ಕಳೆದ ಸುಗ್ಗಿಯ ಕಾಲಕ್ಕೆ ಒಬ್ಬ ರೈತರು ಏಳು ವರ್ಷದ ಮಗಳನ್ನು ಕರೆದುಕೊಂಡು ಬಂದರು. ಕೆಳಗಿನ ಎರಡನೆಯ ಹಾಲು ದವಡೆಹಲ್ಲು ಹುಳುಕಾಗಿತ್ತು.

“ಸಾಹೇಬ್ರ, ಹೆಂಗೂ ಬೀಳೂ ಹಲ್ಲ ಐತಿ. ಕಿತ್ತ ಬಿಡ್ರಿ. ಹುಡುಗಿ ರಾತ್ರಿಯೆಲ್ಲಾ ಅಳತಾಳ್ರಿ” ಎಂದರು.

ನಾನು ಕೇಳಿದೆ: “ಅಣ್ಣಾರ, ನಿಮ್ಮ ಹೊಲದ ಹದ್ದಿನ ಕಲ್ಲ ಯಾರರ ಕಿತ್ತ ಒಗದ್ರ ಏನ ಆಗತೈತ್ರಿ?”

“ಏನ ಆಗೂದ್ರಿ? ಮಗ್ಗಲ ಹೊಲದಾಂವ ವರ್ಷಾ ಒಂದೊಂದ ಗೇಣ ಒಳಗ ಬರತಾನ್ರಿ.”

“ಬಾಯಾಗೂ ಅದ ಆಗೂದ್ರಿ. ಈ ಹಲ್ಲ ಹದ್ದಿನ ಕಲ್ಲ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಉಳಸ್ರಿ” ಎಂದರು. ಹಲ್ಲಿನ ಒಳಗಿನ ಕೆಟ್ಟ ಭಾಗವನ್ನು ತೆಗೆದು, ಔಷಧ ತುಂಬಿ, ಮೇಲೆ ಉಕ್ಕಿನ ಟೋಪಿ ಹಾಕಿದೆವು. ಎರಡು ಸಲ ಬಂದು ಹೋಗಬೇಕಾಯಿತು. ಹುಡುಗಿ ಈಗ ಆ ಹಲ್ಲಿನಿಂದ ರೊಟ್ಟಿ ತಿನ್ನುತ್ತಾಳೆ. ಅವಳ ಸಾಲು ಮುಂದೆ ಪೂರ್ತಿ ನೆಟ್ಟಗೆ ಬರುತ್ತದೆಂದು ನಾನು ಮಾತು ಕೊಟ್ಟಿಲ್ಲ. ಅವಳಿಗೆ ಹನ್ನೊಂದು ಹನ್ನೆರಡು ಆದಾಗ ತಿಳಿದೀತು. ಆದರೆ ಅವಳ ಭೂಮಿ ಅವಳ ಹೆಸರಿನಲ್ಲೇ ಉಳಿದಿದೆ.

ಕಲ್ಲು ಕಿತ್ತರೆ ಏನಾಗುವುದು ಎಂಬುದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ಹಾಲು ದವಡೆಹಲ್ಲನ್ನು ಕಿತ್ತ ಮೇಲೆ ಹಿಂದಿನ ಆರನೆಯ ಹಲ್ಲು ಮುಂದಕ್ಕೆ ವಾಲಿ ಸರಿಯುತ್ತದೆ. ಹೀಗೆ ಹೋಗುವ ಜಾಗದಲ್ಲಿ ಹೆಚ್ಚಿನ ಪಾಲು ಮೊದಲ ಆರು ತಿಂಗಳಲ್ಲೇ ಹೋಗುತ್ತದೆ. ಹತ್ತು ಹನ್ನೊಂದನೆಯ ವರ್ಷಕ್ಕೆ ಅಲ್ಲಿ ಬರಬೇಕಾದ ಸಣ್ಣ ದವಡೆಹಲ್ಲು ಮೇಲಕ್ಕೆ ಬರಲು ನೋಡಿದರೆ ಬಾಗಿಲು ಮುಚ್ಚಿರುತ್ತದೆ. ಅದು ಒಳಗಡೆಗೆ ನಾಲಿಗೆಯ ಬದಿಯಲ್ಲಿ ಹುಟ್ಟುತ್ತದೆ, ಇಲ್ಲವೆ ಎಲುಬಿನೊಳಗೇ ಸಿಕ್ಕಿ ಉಳಿಯುತ್ತದೆ. ಮೇಲಿನ ದವಡೆಯಲ್ಲಾದರೆ ಸಣ್ಣ ದವಡೆಹಲ್ಲುಗಳು ಮೊದಲು ಬಂದು ಇದ್ದಷ್ಟು ಜಾಗ ಹಿಡಿಯುತ್ತವೆ; ಕೋರೆಹಲ್ಲು ಹನ್ನೊಂದು ಹನ್ನೆರಡಕ್ಕೆ, ಎಲ್ಲರಿಗಿಂತ ತಡವಾಗಿ ಬರುತ್ತದೆ. ಪಂಕ್ತಿ ತುಂಬಿದ ಮೇಲೆ ಊಟಕ್ಕೆ ಬಂದವನಂತೆ ಅದು ಹೊರಗೆ ನಿಲ್ಲಬೇಕಾಗುತ್ತದೆ. ನನ್ನ ಬಾಯಿಯಲ್ಲಿ ಆದದ್ದು ಇದೇ.

ಇನ್ನೊಂದು ಲೆಕ್ಕವನ್ನೂ ಕೇಳಿರಿ. ಮುಂದಿನ ಕಾಯಂ ಹಲ್ಲು ಹಾಲುಹಲ್ಲಿಗಿಂತ ದೊಡ್ಡದೆಂದು ಹೇಳಿದೆನಷ್ಟೆ. ದವಡೆಯಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಹಾಲು ದವಡೆಹಲ್ಲುಗಳೇ ಅಗಲ, ಬದಲಿಗೆ ಬರುವ ಸಣ್ಣ ದವಡೆಹಲ್ಲು ಕಡಿಮೆ ಅಗಲ. ಕೋರೆಹಲ್ಲನ್ನೂ ಕೂಡಿಸಿ ನೋಡಿದರೆ ಕೆಳಗಡೆ ಒಂದೊಂದು ಬದಿಗೆ ಸುಮಾರು 1.7 ಮಿಲಿಮೀಟರು, ಮೇಲೆ ಸುಮಾರು 0.9 ಮಿಲಿಮೀಟರು ಜಾಗ ಉಳಿತಾಯವಾಗುತ್ತದೆ. ಮುಂದಿನ ಹಲ್ಲು ತುಸು ಒತ್ತಾಗಿದ್ದರೆ ಈ ಉಳಿತಾಯವನ್ನು ಉಪಯೋಗಿಸಿ ಸರಿಪಡಿಸಲು ವೈದ್ಯರಿಗೆ ಸಾಧ್ಯ. ಪ್ರಕೃತಿಯೇ ಇಟ್ಟ ಕೂಡಿಟ್ಟ ಗಂಟು ಇದು. ಹಾಲು ದವಡೆಹಲ್ಲನ್ನು ಅಕಾಲದಲ್ಲಿ ಕಿತ್ತರೆ ಈ ಗಂಟೂ ಹೋಗುತ್ತದೆ, ಅಸಲೂ ಹೋಗುತ್ತದೆ.

ಹಾಗಾದರೆ ಎಲ್ಲ ಸೊಟ್ಟ ಹಲ್ಲೂ ತಂದೆತಾಯಿಯ ಅಲಕ್ಷ್ಯದಿಂದಲೇ ಆದದ್ದೇ? ಖಂಡಿತ ಅಲ್ಲ. ಹಲ್ಲಿನ ಅಳತೆ, ದವಡೆಯ ಅಳತೆ ಎರಡೂ ಬಹುಮಟ್ಟಿಗೆ ವಂಶದಿಂದ ಬರತಕ್ಕವು. ಹಲ್ಲು ದೊಡ್ಡದು, ದವಡೆ ಸಣ್ಣದು ಆದರೆ ಎಷ್ಟು ಜೋಪಾನ ಮಾಡಿದರೂ ಇಕ್ಕಟ್ಟು ಆಗುತ್ತದೆ. ಬೆರಳು ಚೀಪುವ ರೂಢಿ ನಾಲ್ಕೈದು ವರ್ಷ ದಾಟಿಯೂ ಉಳಿದರೆ ಮೇಲಿನ ಹಲ್ಲು ಮುಂದೆ ಉಬ್ಬುತ್ತವೆ. ಬೈಯದೆ, ಹೊಡೆಯದೆ ಆ ರೂಢಿಯನ್ನು ಬಿಡಿಸಬೇಕು. ಬುದ್ಧಿಹಲ್ಲು ಹಿಂದಿನಿಂದ ನೂಕುವುದರಿಂದ ಮುಂದಿನ ಹಲ್ಲು ಸೊಟ್ಟಾಗುತ್ತವೆ ಎಂಬ ನಂಬಿಕೆ ಬಹಳ ಕಾಲ ವೈದ್ಯರಲ್ಲಿಯೂ ಇತ್ತು; ಸಂಶೋಧನೆಗಳು ಅದನ್ನು ಎತ್ತಿಹಿಡಿದಿಲ್ಲ. ಇಷ್ಟು ಕಾರಣಗಳಲ್ಲಿ ವಂಶವನ್ನು ನಾವು ಬದಲಿಸಲಾರೆವು. ಹುಳುಕನ್ನು ತಡೆಯುವುದು, ಹಾಲುಹಲ್ಲನ್ನು ಅದರ ಕಾಲದವರೆಗೆ ಉಳಿಸುವುದು ನಮ್ಮ ಕೈಯಲ್ಲಿದೆ. ಆದಕಾರಣ ಅದರ ಮಾತನ್ನೇ ಒತ್ತಿ ಹೇಳುತ್ತಿದ್ದೇನೆ.

ಊಟದ ಮಾತು ಬಂದಾಗ ನಮ್ಮ ಸೀಮೆಯ ರೊಟ್ಟಿಯನ್ನು ನೆನೆಯಲೇಬೇಕು. 1980ರ ದಶಕದಲ್ಲಿ ಕೊರ್ರುಚಿನಿ ಎಂಬ ಅಮೆರಿಕದ ವಿದ್ವಾಂಸರು ಸಂಗಡಿಗರೊಡನೆ ಚಂಡೀಗಢ ನಗರದ ಯುವಕರ ಹಲ್ಲಿನ ಸಾಲನ್ನೂ ಪಂಜಾಬಿನ ಹಳ್ಳಿಯ ಯುವಕರ ಹಲ್ಲಿನ ಸಾಲನ್ನೂ ಹೋಲಿಸಿ ನೋಡಿದರು. ಗಟ್ಟಿ ಆಹಾರ ಅಗಿದು ತಿನ್ನುವ ಹಳ್ಳಿಯವರಲ್ಲಿ ಸಾಲು ಹೆಚ್ಚು ಸರಿಯಾಗಿತ್ತು. ಅಗಿಯುವುದರಿಂದ ಬೆಳೆಯುವ ವಯಸ್ಸಿನಲ್ಲಿ ದವಡೆಗೆ ಬಲ ಬರುತ್ತದೆಂದು ಅವರು ಭಾವಿಸಿದರು. ಎಲ್ಲ ವಿದ್ವಾಂಸರೂ ಇದನ್ನು ಪೂರ್ತಿ ಒಪ್ಪಿದ್ದಾರೆಂದು ಹೇಳಲಾಗದು. ಆದರೆ ಜೋಳದ ರೊಟ್ಟಿ, ಹಸಿ ಗಜ್ಜರಿ, ಮೂಲಂಗಿ, ಸವತಿಕಾಯಿ, ಹುರಿದ ಕಡಲೆ ಮಕ್ಕಳಿಗೆ ಕೊಡುವುದರಲ್ಲಿ ನಷ್ಟವಂತೂ ಏನೂ ಇಲ್ಲ. ಚಹಾದಲ್ಲಿ ಅದ್ದಿದ ಬಿಸ್ಕೀಟು ಅಗಿಯುವ ಕೆಲಸವನ್ನೂ ಕಲಿಸದು, ಹಲ್ಲಿಗೆ ಅಂಟಿಕೊಂಡು ಹುಳುಕನ್ನೂ ತರುವುದು.

ಇನ್ನು ಕಬ್ಬು ಮತ್ತು ಬೆಲ್ಲ. ಘಟಪ್ರಭೆ, ಕೃಷ್ಣೆಯರ ನೀರಿನಿಂದ ಮುಧೋಳ, ಜಮಖಂಡಿ ಕಡೆಯ ಹೊಲಗಳಲ್ಲಿ ಕಬ್ಬು ನಿಂತಿದೆ. ಮಹಾಲಿಂಗಪುರದ ಬೆಲ್ಲದ ಪೇಟೆ ದೂರದವರೆಗೆ ಹೆಸರುವಾಸಿ. ಇಂಥ ಊರಿನವರ ಮುಂದೆ ನಿಂತು ಬೆಲ್ಲ ತಿನ್ನಬೇಡಿರಿ ಎಂದರೆ ಯಾರು ಕೇಳಿಯಾರು? ನಾನು ಹಾಗೆ ಹೇಳುವುದೂ ಇಲ್ಲ. ಹುಳುಕು ಆಗುವ ಬಗೆಯನ್ನಷ್ಟೇ ತಿಳಿದುಕೊಳ್ಳಿರಿ. ಬಾಯಿಯಲ್ಲಿರುವ ಕಣ್ಣಿಗೆ ಕಾಣದ ಜೀವಾಣುಗಳು ಸಿಹಿಯನ್ನು ತಿಂದು ಹುಳಿಯನ್ನು ಬಿಡುತ್ತವೆ. ಆ ಹುಳಿ ಹಲ್ಲಿನ ಮೇಲ್ಪದರನ್ನು ಕರಗಿಸುತ್ತದೆ. ಒಂದು ಸಲ ಸಿಹಿ ತಿಂದರೆ ಅರ್ಧ ಗಂಟೆಯಷ್ಟು ಹೊತ್ತು ಈ ಕೆಲಸ ನಡೆಯುತ್ತದೆ. ಆಮೇಲೆ ಜೊಲ್ಲು ಅದನ್ನು ತೊಳೆದು ದುರಸ್ತಿ ಮಾಡುತ್ತದೆ. ಊಟದ ಸಂಗಡ ಒಂದು ಹರಳು ಬೆಲ್ಲ ತಿಂದ ಮಗುವಿಗೆ ಹಾನಿ ಕಡಿಮೆ. ಗಾಣದ ಕಡೆ ತಿರುಗುತ್ತ ಬೆಳಗಿನಿಂದ ಸಂಜೆಯವರೆಗೆ ಕಿಸೆಯಲ್ಲಿ ಬೆಲ್ಲದ ಹೆಂಟೆ ಇಟ್ಟುಕೊಂಡು ನೆಕ್ಕುವ ಮಗುವಿನ ಹಲ್ಲಿಗೆ ದುರಸ್ತಿಯ ಸಮಯವೇ ಸಿಗದು. ಎಷ್ಟು ತಿಂದ ಎಂಬುದಕ್ಕಿಂತ ಎಷ್ಟು ಸಲ ತಿಂದ ಎಂಬುದು ಮುಖ್ಯ. ರಾತ್ರಿ ಮಲಗುವಾಗ ಸಕ್ಕರೆ ಹಾಲಿನ ಬಾಟಲಿ ಬಾಯಿಗಿಟ್ಟು ಮಲಗಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ತೊಳೆಯುವವರಿಲ್ಲ.

ಹಲ್ಲುಜ್ಜುವುದನ್ನು ಮಗುವಿಗೇ ಬಿಡಬೇಡಿರಿ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು, ಇಲ್ಲವೆ ಮಗ್ಗುಲಲ್ಲಿ ನಿಂತು ಉಜ್ಜಿಸಬೇಕು. ಬೆಳಿಗ್ಗೆ ಒಂದು ಸಲ, ರಾತ್ರಿ ಊಟವಾದ ಮೇಲೆ ಒಂದು ಸಲ. ಎರಡರಲ್ಲಿ ರಾತ್ರಿಯದು ಹೆಚ್ಚು ಮುಖ್ಯ. ಮೆತ್ತಗಿನ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು ಸಾಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಪೇಸ್ಟು; ನುಂಗಿಸಬಾರದು, ಉಗುಳಿಸಬೇಕು. ಇದ್ದಲಿ, ಇಟ್ಟಂಗಿ ಪುಡಿ ಹಲ್ಲನ್ನು ಸವೆಸುತ್ತವೆ. ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವ ಚಟ ನಮ್ಮ ಕೆಲವು ಮನೆಗಳಲ್ಲಿ ಹಿರಿಯರಿಗಿದೆ. ಅದು ಹಿರಿಯರಿಗೂ ಕೆಡುಕು, ಮಕ್ಕಳ ಬಾಯಿಗಂತೂ ಎಂದೂ ತಾಗಿಸಬೇಡಿರಿ. ಆರನೆಯ ಹಲ್ಲಿನ ಮೇಲೆ ಆಳವಾದ ಗೆರೆಗಳಿರುತ್ತವೆ; ಉಳುಮೆ ಸಾಲಿನಲ್ಲಿ ಕಸ ನಿಲ್ಲುವಂತೆ ಅಲ್ಲಿ ಅನ್ನ ನಿಲ್ಲುತ್ತದೆ. ಹಲ್ಲು ಬಂದ ಕೂಡಲೆ ಆ ಗೆರೆಗಳನ್ನು ತೆಳುವಾದ ಲೇಪದಿಂದ ಮುಚ್ಚುವ ಉಪಾಯವಿದೆ, ನೋವಿಲ್ಲ, ಸೂಜಿಯಿಲ್ಲ. ದಂತವೈದ್ಯರನ್ನು ಕೇಳಿರಿ.

ಇಷ್ಟಾದರೂ ಹುಳುಕು ಬಂದರೆ ನೋವಿನ ತನಕ ಕಾಯಬೇಡಿರಿ. ಕಪ್ಪು ಚುಕ್ಕೆ ಕಂಡಾಗಲೇ ತುಂಬಿಸಿದರೆ ಸಣ್ಣ ಕೆಲಸ. ಕೀವು ಆಗುವವರೆಗೆ ಬಿಟ್ಟರೆ ಕೆಳಗೆ ಬೆಳೆಯುತ್ತಿರುವ ಕಾಯಂ ಹಲ್ಲಿನ ಮೊಳಕೆಗೂ ಪೆಟ್ಟು ತಗಲಬಹುದು. ಉಳಿಸಲು ಸಾಧ್ಯವೇ ಇಲ್ಲವೆಂದು ವೈದ್ಯರು ಹೇಳಿದರೆ ಕೀಳಿಸಲೇಬೇಕು. ಕೊಳೆತದ್ದನ್ನು ಬಾಯಿಯಲ್ಲಿಡಿರಿ ಎಂದು ನಾನು ಹೇಳುವುದಿಲ್ಲ. ಆದರೆ ಕೀಳಿಸುವ ದಿನವೇ ಒಂದು ಪ್ರಶ್ನೆ ಕೇಳಿರಿ: “ಸಾಹೇಬ್ರ, ಈ ಜಾಗ ಕಾಯಾಕ ಏನರ ಹಾಕಬೇಕೇನ್ರಿ?” ಹಿಂದಿನ ಹಲ್ಲಿಗೆ ಒಂದು ಉಂಗುರ ತೊಡಿಸಿ, ಅದರಿಂದ ಮುಂದಿನ ಹಲ್ಲಿನವರೆಗೆ ತಂತಿಯ ಕುಣಿಕೆಯೊಂದನ್ನು ಚಾಚಿ, ಖಾಲಿ ಜಾಗವನ್ನು ಕಾಯ್ದಿಡುವ ಸಾಧನವಿದೆ. ಕಿತ್ತ ಕಲ್ಲಿನ ಜಾಗದಲ್ಲಿ ಗೂಟ ಹುಗಿದ ಹಾಗೆ. ಹೊಸ ಹಲ್ಲು ಮೊಳೆತಾಗ ಅದನ್ನು ತೆಗೆದುಬಿಡುತ್ತಾರೆ. ಇದನ್ನು ಬೇಗ ಹಾಕಿಸಬೇಕು, ಆರು ತಿಂಗಳಾದ ಮೇಲಲ್ಲ.

ಇನ್ನು ಅನಾವಶ್ಯಕವಾದ ಗಾಬರಿಯ ಮಾತು ಎರಡು. ಕೆಳಗಿನ ಹಾಲುಹಲ್ಲು ಬೀಳುವ ಮೊದಲೇ ಅದರ ಹಿಂದೆ ಹೊಸ ಹಲ್ಲು ಬಂದು ಎರಡು ಸಾಲು ಕಾಣುವುದುಂಟು. ಹಾಲುಹಲ್ಲು ಅಲುಗಾಡುತ್ತಿದ್ದರೆ ಮಗು ತಾನೇ ಅಲ್ಲಾಡಿಸಿ ಬೀಳಿಸಲಿ. ಹೊಸದನ್ನು ನಾಲಿಗೆ ಮೆಲ್ಲಗೆ ಮುಂದೆ ತಳ್ಳುತ್ತದೆ. ಎರಡು ಮೂರು ತಿಂಗಳಾದರೂ ಹಳೆಯದು ಗಟ್ಟಿಯಾಗಿಯೇ ನಿಂತಿದ್ದರೆ ತೋರಿಸಿರಿ. ಎರಡನೆಯದು: ಎಂಟು ಒಂಬತ್ತು ವರ್ಷದಲ್ಲಿ ಮೇಲಿನ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಬಿದ್ದು, ಹಲ್ಲು ಬೀಸಣಿಗೆಯಂತೆ ಹೊರಗೆ ಚಾಚಿರುತ್ತವೆ. ನೋಡಲು ಚೆಂದವಲ್ಲ, ಆದರೆ ರೋಗವೂ ಅಲ್ಲ. ಹನ್ನೊಂದು ಹನ್ನೆರಡಕ್ಕೆ ಕೋರೆಹಲ್ಲು ಇಳಿದಾಗ ಹೆಚ್ಚಿನ ಮಕ್ಕಳಲ್ಲಿ ಆ ಸಂದಿ ತಾನಾಗಿಯೇ ಮುಚ್ಚುತ್ತದೆ. ಈ ಅವಧಿಯಲ್ಲಿ ದಾರ ಕಟ್ಟಿ ಎಳೆಯುವುದು, ಸೊಟ್ಟ ಹಲ್ಲಿಗೆ ಜಾಗ ಮಾಡಲೆಂದು ಪಕ್ಕದ ಗಟ್ಟಿ ಹಾಲುಹಲ್ಲನ್ನು ಕೀಳಿಸುವುದು, ಇವೆಲ್ಲ ಮನೆಯಲ್ಲಿ ನಿರ್ಣಯಿಸತಕ್ಕ ಕೆಲಸಗಳಲ್ಲ. ಇವತ್ತು ಬಾಚಿಹಲ್ಲಿಗೆ ಕೊಟ್ಟ ಜಾಗ ನಾಳೆ ಕೋರೆಹಲ್ಲಿನಿಂದ ಕಸಿದುಕೊಂಡ ಜಾಗ. ಹಾಗೆ ಕೀಳುವುದು ಬೇಕಾಗುವ ಮಕ್ಕಳೂ ಇದ್ದಾರೆ. ಅದನ್ನು ಅಳತೆ ಮಾಡಿ ನೋಡಿದ ತಜ್ಞರು ಹೇಳಬೇಕು.

ತೋರಿಸುವುದು ಎಲ್ಲಿ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಯ ಮಕ್ಕಳನ್ನು ವರ್ಷಕ್ಕೆ ಒಂದು ಸಲ ಆರೋಗ್ಯ ತಂಡದವರು ಪರೀಕ್ಷಿಸಬೇಕೆಂದಿದೆ. ಅವರು ನೋಡಬೇಕಾದ ದೋಷಗಳಲ್ಲಿ ಹಲ್ಲಿನದೂ ಸೇರಿದೆ. ತಂಡ ಬರುವ ದಿನ ಮಗುವನ್ನು ಕಬ್ಬಿನ ಹೊಲಕ್ಕೆ ಕರೆದೊಯ್ಯದೆ ಶಾಲೆಗೆ ಕಳುಹಿಸಿರಿ. ಚೀಟಿ ಬರೆದುಕೊಟ್ಟರೆ ಅದನ್ನು ಗೂಟಕ್ಕೆ ಸಿಕ್ಕಿಸಿ ಮರೆಯಬೇಡಿರಿ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ದಂತವೈದ್ಯರು ಯಾವ ದಿನ ಸಿಗುತ್ತಾರೆಂಬುದನ್ನು ಆಶಾ ಕಾರ್ಯಕರ್ತೆಯರಿಂದ ಕೇಳಿಕೊಳ್ಳಿರಿ. ಬಾಗಲಕೋಟೆಯಲ್ಲಿ ಪಿ.ಎಂ.ಎನ್.ಎಂ. ದಂತ ಮಹಾವಿದ್ಯಾಲಯವಿದೆ, ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ನಾಲ್ಕೂ ಕಡೆಯವರು ಜಿಲ್ಲಾ ಸ್ಥಳದ ಕೆಲಸಕ್ಕೆ ಹೋದಾಗ ಮಗುವನ್ನೂ ಕರೆದೊಯ್ದು ತೋರಿಸಬಹುದು. ಏಳನೆಯ ವರ್ಷದ ಸುಮಾರಿಗೆ ಒಂದು ಸಲ ತೋರಿಸಿದರೆ ಮುಂದಿನ ಇಕ್ಕಟ್ಟಿನ ಸುಳಿವು ವೈದ್ಯರಿಗೆ ಸಿಗುತ್ತದೆ.

ಸೊಟ್ಟಾದ ಮೇಲೆ ಸರಿ ಮಾಡಲಾಗದೇ ಎಂದು ಕೇಳುವಿರಿ. ಆಗುತ್ತದೆ. ತಂತಿ ಕಟ್ಟಿಸಿಕೊಂಡು ತಿಂಗಳಿಗೊಮ್ಮೆ ತಿರುಗಾಡಬೇಕು, ಒಂದೂವರೆ ಎರಡು ವರ್ಷ. ಖರ್ಚೂ ಇದೆ, ಕೂಲಿ ಬಿಟ್ಟ ದಿನಗಳ ಲೆಕ್ಕವೂ ಇದೆ. ಸಾಧ್ಯವಿದ್ದವರು ಮಾಡಿಸಿರಿ. ಮಾಡಿಸಲಾಗದಿದ್ದರೆ ಅದಕ್ಕಾಗಿ ಮಗುವನ್ನು, ಮುಖ್ಯವಾಗಿ ಹೆಣ್ಣುಮಗುವನ್ನು, ಹೀಯಾಳಿಸಬೇಡಿರಿ. ಸೊಟ್ಟ ಹಲ್ಲಿನಿಂದ ಯಾರ ಬದುಕೂ ನಿಂತಿಲ್ಲ. ಒತ್ತಾದ ಹಲ್ಲಿನ ಸಂದಿಯಲ್ಲಿ ಅನ್ನ ಸಿಕ್ಕಿ ಹುಳುಕು, ವಸಡಿನ ರೋಗ ಬೇಗ ಬರುತ್ತವೆ, ಆದಕಾರಣ ಅಂಥವರು ಇನ್ನಷ್ಟು ಚೆನ್ನಾಗಿ ಉಜ್ಜಬೇಕು, ಅಷ್ಟೆ.

1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಹೊಳೆಯಲ್ಲಿ ನೀರಿರುವಾಗಲೇ ಅದನ್ನು ಹಿಡಿದಿಟ್ಟರೆ ಬೇಸಿಗೆಗೆ ಉಂಟು. ಹರಿದುಹೋದ ಮೇಲೆ ಬಾಗಿಲು ಹಾಕಿ ಫಲವಿಲ್ಲವೆಂಬುದನ್ನು ನಾಡಿಗೆ ತೋರಿಸಿಕೊಟ್ಟವರು ನೀವು. ಮಗುವಿನ ಬಾಯಿಯಲ್ಲಿ ಆ ಕಾಲ ಆರರಿಂದ ಹನ್ನೆರಡು ವರ್ಷ.

ಆದುದರಿಂದ ಮನೆಗೆ ಹೋದ ಮೇಲೆ ಇಷ್ಟು ಮಾಡಿರಿ:

1. ಆರು ವರ್ಷ ತುಂಬಿದ ಮಗುವಿನ ಬಾಯಿಯನ್ನು ಬಿಸಿಲಿನಲ್ಲಿ ನೋಡಿ ಹಲ್ಲು ಎಣಿಸಿರಿ. ಆರನೆಯದು ಕಾಯಂ ಹಲ್ಲು ಎಂದು ತಿಳಿಯಿರಿ.

2. ದವಡೆಯ ಹಾಲುಹಲ್ಲನ್ನು ಹತ್ತು ಹನ್ನೆರಡು ವರ್ಷದವರೆಗೆ ಉಳಿಸಿಕೊಳ್ಳಿರಿ. ಕಪ್ಪು ಚುಕ್ಕೆ ಕಂಡ ಕೂಡಲೆ ತೋರಿಸಿರಿ.

3. ಕೀಳಿಸಲೇಬೇಕಾದರೆ, ಜಾಗ ಕಾಯುವ ತಂತಿಯ ವಿಷಯವನ್ನು ಅದೇ ದಿನ ಕೇಳಿರಿ.

4. ಸಿಹಿಯನ್ನು ಊಟದ ಸಂಗಡ ಕೊಡಿರಿ, ದಿನವಿಡೀ ಕೊಡಬೇಡಿರಿ. ರಾತ್ರಿ ಹಲ್ಲುಜ್ಜಿಸಿ ಮಲಗಿಸಿರಿ.

5. ಹಾಲುಹಲ್ಲಿನ ಸಂದಿ ಕಂಡು ಅಂಜಬೇಡಿರಿ.

ಇನ್ನು ಮುಂದೆ ನಿಮ್ಮ ಮನೆಯಲ್ಲಿ ಯಾರಾದರೂ “ಹೆಂಗೂ ಬೀಳೂ ಹಲ್ಲ” ಎಂದರೆ, ಹದ್ದಿನ ಕಲ್ಲಿನ ಮಾತನ್ನು ಅವರಿಗೆ ಹೇಳಿರಿ. ನಮ್ಮ ಮುತ್ಯಾನಿಗೆ ಅದನ್ನು ಹೇಳುವವರಿರಲಿಲ್ಲ. ನಿಮಗೆ ನಾನು ಹೇಳಿದ್ದೇನೆ.